ಬೆಣ್ಣೆಯ ಸವತಿ

ಇದು ಬೆಣ್ಣೆಯೋ, ಅಥವಾ ಈಗಷ್ಟೇ ನುಂಗಿದ್ದು ಬೆಣ್ಣೆಯೋ? ಕಣ್ಣು ಮುಚ್ಚುವಾಗ ಎಡಗಡೆಯದ್ದು ಬೆಣ್ಣೆ ಎಂಬುದು ಖಚಿತವಾಗಿತ್ತು. ಆಮೇಲೆ ತನಗೆ ತಾನೇ ಮೋಸ ಮಾಡಿಕೊಳ್ಳಬಾರದೆಂದು ತಟ್ಟೆಯನ್ನು ನಾಲ್ಕು ಸಲ ಗಿರಗಿರ ತಿರುಗಿಸಿದ್ದ. ಈಗ ಎಡವೂ ಇಲ್ಲ, ಬಲವೂ ಇಲ್ಲ. ನಾಲಿಗೆಯ ಮೇಲೆ ತಣ್ಣಗಿನದೊಂದು ಕೂತಿತು, ಸಡಿಲವಾಯಿತು, ಕರಗಿ ಗಂಟಲಿಗೆ ಇಳಿಯಿತು. ಏನಾದರೂ ಹೇಳಿತೇ? ಹೇಳಿದ್ದರೂ ಕೇಳಿಸಲಿಲ್ಲ. ಇನ್ನೊಂದು ಸಲ ನೋಡೋಣವೇ? ಇದು ಎಷ್ಟನೆಯ ಸಲ, ಆರನೆಯದೋ ಏಳನೆಯದೋ? ಆರು ಸಲ ತಟ್ಟಿದರೂ ತೆರೆಯದ ಬಾಗಿಲು ಏಳನೆಯ ಸಲಕ್ಕೆ ತೆರೆದೀತೇ?

ಅವನು ಕಣ್ಣು ಬಿಟ್ಟ. ಮಧ್ಯಾಹ್ನದ ನಾಲ್ಕು ಗಂಟೆಯ ಬಿಸಿಲು ಅಡುಗೆಮನೆಯ ಮೇಜಿನ ಮೇಲೆ ಅಡ್ಡ ಬಿದ್ದಿತ್ತು. ತಟ್ಟೆಯ ಒಂದು ಪಕ್ಕದಲ್ಲಿ ಬೆಳ್ಳಿ ಕಾಗದ ಬಿಚ್ಚಿದ ಬೆಣ್ಣೆಯ ಬಿಲ್ಲೆ, ಇನ್ನೊಂದು ಪಕ್ಕದಲ್ಲಿ ಪುಟ್ಟ ಪ್ಲಾಸ್ಟಿಕ್ ಕಪ್ಪಿನೊಳಗಿನ ಮಾರ್ಗರೀನ್, ಎಣ್ಣೆಯಿಂದ ಮಾಡಿದ ನಕಲಿ ಬೆಣ್ಣೆ. ಎರಡೂ ಹಳದಿ. ಎರಡೂ ಅವನ ಪಾಲಿಗೆ ಬರೀ ಜಿಡ್ಡು.

ಅವನಿಗೆ ಐವತ್ತೆರಡು ವರ್ಷ. ವಿಮಾನಗಳಿಗೆ ಊಟ ಕಳಿಸುವ ದೊಡ್ಡ ಅಡುಗೆ ಕಾರ್ಖಾನೆಯಲ್ಲಿ ರುಚಿ ನೋಡುವುದೇ ಅವನ ಕೆಲಸ. ದಿನಕ್ಕೆ ಹನ್ನೊಂದು ಸಾವಿರ ತಟ್ಟೆ ಆ ಕಾರ್ಖಾನೆಯಿಂದ ಹೊರಡುತ್ತದೆ, ಒಂದೊಂದು ಬಗೆಯೂ ಅವನ ಬಾಯಿ ದಾಟಿಯೇ ಹೋಗಬೇಕು. ಒಮ್ಮೆ ಒಂದು ಚಮಚ ಸೂಪು ಕುಡಿದು, "ಈ ಪಾತ್ರೆಗೆ ಮೀನಿನ ಸೌಟು ಹಾಕಿದ್ದೀರಿ" ಎಂದಿದ್ದ. ಅಡುಗೆಯವರು ಆಣೆ ಪ್ರಮಾಣ ಮಾಡಿದರು, ಆಮೇಲೆ ಸೌಟು ಸಿಕ್ಕಿತು. ಅಂದಿನಿಂದ ಅವನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲವಾಗಿ, ಇಡೀ ಕಾರ್ಖಾನೆಗೆ ಅವನು 'ನಾಲಿಗೆ'. "ನಾಲಿಗೆ ಬಂದ್ರಾ?" "ನಾಲಿಗೆ ಏನಂದ್ರು?" ಮ್ಯಾನೇಜರರೂ ಮರೆತು ಒಮ್ಮೊಮ್ಮೆ ಹಾಗೇ ಅನ್ನುತ್ತಿದ್ದರು.

ಐದು ತಿಂಗಳ ಹಿಂದೆ ಅವನಿಗೆ ಜ್ವರ ಬಂತು. ಒಂಬತ್ತು ದಿನ ಇದ್ದು ಹೋಯಿತು. ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಹತ್ತನೆಯ ದಿನ ಹೆಂಡತಿ ಕೊಟ್ಟ ಬಿಸಿ ಹಾಲು ಬಿಸಿಯಾಗಿತ್ತು, ಅಷ್ಟೇ. ಹಾಲಾಗಿರಲಿಲ್ಲ. ವಾಸನೆಯೂ ಇಲ್ಲ, ರುಚಿಯೂ ಇಲ್ಲ. ದೂರದ ಬೀದಿಯ ಡಾಕ್ಟರೊಬ್ಬರು ಬಾಯಿಗೆ ಬೆಳಕು ಬಿಟ್ಟು ನೋಡಿ, "ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಆ ದೀಪದ ಬೆಳಕಲ್ಲೇ ಅವನು ಐದು ತಿಂಗಳು ನಡೆದಿದ್ದ.

ಹೇಗೆ ನಡೆದ ಎಂದರೆ, ಮೌನದಿಂದ. ಚಮಚ ಬಾಯಿಗಿಟ್ಟು ಸುಮ್ಮನೆ ನಿಲ್ಲುತ್ತಿದ್ದ. ಅಡುಗೆಯವರ ಮುಖ ನೋಡುತ್ತಿದ್ದ. ತಪ್ಪು ಮಾಡಿದವರ ಕಣ್ಣು ಮೊದಲೇ ಒಲೆಯ ಕಡೆ ಓಡುತ್ತಿತ್ತು. "ನಿಮಗೇನನ್ನಿಸ್ತು?" ಎಂದು ಕೇಳುತ್ತಿದ್ದ. "ಉಪ್ಪು ಒಂಚೂರು ಮುಂದಾಯ್ತೇನೋ" ಎಂದು ಅವರೇ ಒಪ್ಪಿಕೊಳ್ಳುತ್ತಿದ್ದರು. "ಹೂಂ" ಎನ್ನುತ್ತಿದ್ದ. ತಮಾಷೆಯೆಂದರೆ ಹೀಗೆ ಮಾತು ಕಮ್ಮಿಯಾದಷ್ಟೂ ಅವನ ಹೆಸರು ಹೆಚ್ಚಾಯಿತು. ಮೊದಲೆಲ್ಲ ವಟವಟ ಅನ್ನುತ್ತಿದ್ದರು, ಈಗ ನೋಡಿ, ನಾಲಿಗೆ ಪಕ್ವವಾಗಿದೆ ಎಂದರು. ಮೋಡದ ಮೇಲೆ ಹೋದರೆ ಎಲ್ಲರ ನಾಲಿಗೆಯೂ ಅರ್ಧ ಮರಗಟ್ಟುತ್ತದೆ, ಅದಕ್ಕೇ ವಿಮಾನದ ಊಟಕ್ಕೆ ಉಪ್ಪು ಖಾರ ಒಂದು ಹಿಡಿ ಜಾಸ್ತಿ ಎಂದು ಹೊಸಬರಿಗೆ ಪಾಠ ಹೇಳಿದವನು ಅವನೇ. ಈಗ ತಾನೊಬ್ಬನೇ ಕೆಳಗಿಳಿಯದೆ ಅಲ್ಲೇ ಮೇಲೆ ಉಳಿದುಬಿಟ್ಟೆನೇನೋ ಎಂದು ಅವನಿಗೆ ಅನ್ನಿಸುತ್ತಿತ್ತು. ದಿನವೂ ಹತ್ತಿ ಅಗಿದಂತೆ ಅಗಿದು, ಸಂಜೆಗೆ ದವಡೆ ನೋವು ಹೊತ್ತುಕೊಂಡು ಮನೆಗೆ ಬರುತ್ತಿದ್ದ.

ನಾಳೆ ಮಾತ್ರ ಮೌನ ಸಾಲುವುದಿಲ್ಲ.

ಕಾರ್ಖಾನೆಯಲ್ಲಿ ಬೆಣ್ಣೆ ಕೋಣೆ ಎಂದೊಂದಿದೆ. ಬಾಗಿಲು ತೆಗೆದರೆ ಮೂಗಿನ ತುದಿ ಸೆಟೆಯುವಷ್ಟು ತಣ್ಣಗಿನ ಜಾಗ. ಇಟ್ಟಿಗೆಗಿಂತ ದೊಡ್ಡ ಬೆಣ್ಣೆಯ ಗಟ್ಟಿಗಳನ್ನು ಅಲ್ಲಿ ತಂತಿಯಿಂದ ಕೊಯ್ದು, ಅಚ್ಚಿಗೆ ಹಾಕಿ, ಬೆಳ್ಳಿ ಕಾಗದ ಸುತ್ತಿ, ತಟ್ಟೆಗೊಂದರಂತೆ ಬಿಲ್ಲೆ ಮಾಡುತ್ತಾರೆ. ಐದು ಜನ ಹೆಂಗಸರು. ಅವರಿಗೆ ಯಜಮಾನಿ ಅವನ ಅತ್ತಿಗೆ, ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಅಣ್ಣನ ಹೆಂಡತಿ. ಅವನನ್ನು ಕೈ ಹಿಡಿದು ಈ ಕಾರ್ಖಾನೆಗೆ ಸೇರಿಸಿದವಳು ಅವಳೇ. ಅವನು "ಅತ್ತಿಗೆ" ಎಂದು ಕರೆದದ್ದನ್ನು ಕೇಳಿ ಪಕ್ಕದವರು ಕರೆದರು, ಅವರಿಂದ ಆಚೆಯವರು. ಈಗ ಟ್ರಕ್ಕಿನ ಡ್ರೈವರಿನಿಂದ ಮ್ಯಾನೇಜರರವರೆಗೆ ಆರುನೂರು ಮೈದುನಂದಿರು ಅವಳಿಗೆ.

ಹಾಲು ಒಗ್ಗದ ಪ್ರಯಾಣಿಕರಿಗೆಂದು ಹೊರಗಿನಿಂದ ಮಾರ್ಗರೀನಿನ ಕಪ್ಪುಗಳು ಬರುತ್ತಿದ್ದವು. ದಿನಕ್ಕೆ ಒಂದು ಪೆಟ್ಟಿಗೆ. ಬೆಣ್ಣೆ ಕೋಣೆಯ ಹೆಂಗಸರು ಅದಕ್ಕಿಟ್ಟ ಹೆಸರು 'ಸವತಿ'. "ಸವತಿ ಬಂದ್ಲು, ಮೇಲಿನ ಕಪಾಟಲ್ಲಿ ಕೂರಿಸಿ." "ಸವತೀನ ನಮ್ಮ ಬೆಣ್ಣೆ ಪಕ್ಕ ಇಡಬೇಡ್ರೇ, ಜಗಳ ಆಡ್ತಾವೆ." ನಕ್ಕು ನಕ್ಕು ಆ ಹೆಸರು ಕಾಗದಕ್ಕೂ ಹತ್ತಿ, ಒಂದು ದಿನ ಉಗ್ರಾಣದ ಗುಮಾಸ್ತ 'ಸವತಿ, ಒಂದು ಪೆಟ್ಟಿಗೆ' ಎಂದೇ ಬರೆದು ಬೈಸಿಕೊಂಡಿದ್ದ.

ಈಗ ಸವತಿ ಪಟ್ಟಕ್ಕೆ ಬರುವ ಹಾಗಾಗಿತ್ತು. ಅತಿ ಹೆಚ್ಚು ತಟ್ಟೆ ಕೊಳ್ಳುವ ವಿಮಾನ ಕಂಪನಿಯವರು, ಎಲ್ಲ ತಟ್ಟೆಗೂ ಮಾರ್ಗರೀನೇ ಇರಲಿ ಎಂದರು. ಅಗ್ಗ ಎಂಬುದೊಂದು. ಬೆಣ್ಣೆ ಕಲ್ಲಿನ ಹಾಗೆ ಬರುತ್ತದೆ, ಹಚ್ಚಲು ಹೋದರೆ ಬನ್ನು ಹರಿದು ಚೂರಾಗುತ್ತದೆ ಎಂದು ಪ್ರಯಾಣಿಕರು ಬರೆದ ದೂರುಗಳ ಕಟ್ಟು ಇನ್ನೊಂದು. ಅತ್ತಿಗೆಗೆ ಅದನ್ನು ಕೇಳಿದರೆ ಮೈಯೆಲ್ಲ ಉರಿ. "ಮಂಜುಗಡ್ಡೆ ಜೊತೆ ಪೆಟ್ಟಿಗೇಲಿ ತುಂಬಿ ಕಳಿಸಿ, ಬಿಚ್ಚಿದ ತಕ್ಷಣ ಹಚ್ಚೋಕೆ ಹೋದ್ರೆ ಇನ್ನೇನಾಗುತ್ತೆ? ಐದು ನಿಮಿಷ ಅಂಗೈಯಲ್ಲಿಟ್ಟುಕೊಳ್ಳೋ ತಾಳ್ಮೆ ಬೇಡ್ವಾ ಜನಕ್ಕೆ?" ಎನ್ನುತ್ತಿದ್ದಳು. ಸವತಿ ಎಲ್ಲ ತಟ್ಟೆಗೂ ಬಂದರೆ ಬೆಣ್ಣೆ ಕೋಣೆಗೆ ಬೀಗ. ಐದು ಜನರ ಕೆಲಸಕ್ಕೂ.

ಮ್ಯಾನೇಜರರು ಕಡೆಯ ಪ್ರಯತ್ನವೆಂದು ಒಂದು ಮಾತು ಆಡಿಬಿಟ್ಟಿದ್ದರು. "ನಮ್ಮಲ್ಲೊಬ್ಬರಿದ್ದಾರೆ. ಹೆಸರು ಮುಚ್ಚಿ ಎರಡನ್ನೂ ಅವರ ಮುಂದಿಡಿ. ಬೆಣ್ಣೆ ಯಾವುದು ಅಂತ ಹೇಳಿದರೆ ಒಂದು ವರ್ಷ ಬೆಣ್ಣೆಯೇ ಇರಲಿ. ಅವರಿಗೇ ಗೊತ್ತಾಗದಿದ್ದರೆ ನಿಮ್ಮಿಷ್ಟ." ಕಂಪನಿಯವರು ಒಪ್ಪಿದರು. ಮ್ಯಾನೇಜರರು ಬಂದು ಅವನ ಬೆನ್ನು ತಟ್ಟಿ, "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿಸಿಬಿಡಿ" ಎಂದರು. ಅವನು ಎಂದಿನಂತೆ "ಹೂಂ" ಎಂದಿದ್ದ. ಆ ಹೂಂ ಈಗ ಮೇಜಿನ ಮೇಲೆ ಕೂತು ಅವನನ್ನೇ ನೋಡುತ್ತಿತ್ತು.

ಫ್ರಿಜ್ಜಿನಿಂದ ಹೊಸದಾಗಿ ಒಂದು ಬಿಲ್ಲೆ, ಒಂದು ಕಪ್ಪು ತೆಗೆದ. ಸುಮ್ಮನೆ, ಬೇಸರಕ್ಕೆಂದು, ಬನ್ನು ಸೀಳಿ ಹಚ್ಚತೊಡಗಿದ. ಆಗ ಕೈ ನಿಂತಿತು. ಚಾಕುವಿನ ತುದಿಯಲ್ಲಿ ಬೆಣ್ಣೆ ಮೊಂಡು ಹಿಡಿಯಿತು. ಬನ್ನಿನ ಮೈ ಕಿತ್ತುಕೊಂಡು ಬಂತು. ಸವತಿಯೋ, ಅದೇ ಫ್ರಿಜ್ಜಿನಿಂದ ಬಂದರೂ, ನುಣ್ಣಗೆ ಅಂಚಿನ ತನಕ ಓಡಿತು. ಕಣ್ಣು ಮುಚ್ಚಿ ಮತ್ತೆ ಮಾಡಿದ. ಮತ್ತೆ. ಏಳಕ್ಕೆ ಏಳು ಸಲವೂ ಕೈ ಸರಿಯಾಗಿ ಹೇಳಿತು. ನಾಲಿಗೆ ಹೋದರೇನು, ಚಾಕು ಇದೆಯಲ್ಲ. ಗಟ್ಟಿಯಾದದ್ದು ಬೆಣ್ಣೆ, ಮೆತ್ತಗಾದದ್ದು ಸವತಿ. ಐದು ತಿಂಗಳಲ್ಲಿ ಮೊದಲ ಸಲ ಅವನ ಭುಜ ಒಂದು ಇಂಚು ಕೆಳಗಿಳಿಯಿತು.

ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತು, ಹೆಂಡತಿ ಬಾಗಿಲಿಗೆ ಬಂದಳು. ಮೇಜಿನ ತುಂಬ ಹರಿದ ಬನ್ನುಗಳ ರಾಶಿ.

"ಏನ್ರೀ ಇದು? ಕಾರ್ಖಾನೇಲಿ ತಿಂದಿದ್ದು ಸಾಲದೂಂತ ಮನೇಲೂ ಶುರು ಮಾಡ್ಕೊಂಡ್ರಾ?"

"ನಾಳೆ ಪರೀಕ್ಷೆ ಇದೆ ಅಂದಿದ್ನಲ್ಲ."

"ಅದಕ್ಕೆ ಓದ್ಕೋತಾ ಇದೀರೋ! ನಿದ್ದೇಲಿ ಎಬ್ಬಿಸಿ ಬಾಯಿಗಿಟ್ರೂ ಹೇಳೋರು ನೀವು, ನಿಮಗ್ಯಾಕೆ ಓದು?"

ಅವನು ಚಾಕು ಒರೆಸಿದ. ಅವಳು ಹೋಗಲಿಲ್ಲ. ಹೆಗಲ ಮೇಲಿದ್ದ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಮೊನ್ನೆ ಸೂಪಿಗೆ ನಾನು ಉಪ್ಪು ಹಾಕೋದೇ ಮರೆತಿದ್ದೆ."

"ಹೌದಾ?"

"ನೀವು ಎರಡು ಬಟ್ಟಲು ಕುಡಿದ್ರಿ. ಚೆನ್ನಾಗಿದೆ ಅಂದ್ರಿ."

"ಹಸಿವಾಗಿತ್ತು."

"ಹೂಂ" ಎಂದಳು ಹೆಂಡತಿ. ಹೂಂ ಎನ್ನುವುದನ್ನು ಅವಳು ಅವನಿಂದಲೇ ಕಲಿತಿದ್ದಳು, ಆದರೆ ಅವನಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಯಂತ್ರದ ಸದ್ದು ಮತ್ತೆ ಶುರುವಾಯಿತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಅವನು ಬೆಣ್ಣೆ ಕೋಣೆಯ ಮುಂದೆ ಹಾದು ಹೋಗುತ್ತಿದ್ದಾಗ ಅತ್ತಿಗೆ ತೋಳು ಹಿಡಿದು ಒಳಗೆಳೆದಳು. ಕಿವಿ ಮುಚ್ಚುವ ಉಣ್ಣೆಯ ಟೋಪಿ, ಎರಡೆರಡು ಜೊತೆ ಕೈಗವಸು, ಮೂಗಿನ ತುದಿ ಕೆಂಪು. ಉಳಿದ ನಾಲ್ವರು ಆಚೆ ಮೇಜಿನಲ್ಲಿ ಬಿಲ್ಲೆ ಸುತ್ತುತ್ತ, ಕಿವಿಯನ್ನು ಮಾತ್ರ ಈಚೆಗೆ ಕಳಿಸಿದ್ದರು.

"ಏನೋ ಹುಡುಗಾ, ನಿದ್ದೆ ಬಂತಾ?" ಐವತ್ತೆರಡಾದರೂ ಅವಳಿಗೆ ಅವನು ಹುಡುಗನೇ. ಮದುವೆಯಾಗಿ ಆ ಮನೆಗೆ ಬಂದಾಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ.

"ಬಂತು ಅತ್ತಿಗೆ. ನಿಮಗೆ?"

"ನನಗೆಲ್ಲಿ ಬರುತ್ತೆ? ಇವರು ನಾಲ್ಕು ಜನಾನೂ ನನ್ನ ಹಾಸಿಗೇಲೇ ಮಲಗಿದ ಹಾಗಿತ್ತು." ಅವಳು ದನಿ ತಗ್ಗಿಸಿದಳು. "ನೋಡು, ಹೇಳ್ತೀನಿ, ಬೈಬೇಡ. ನಮ್ಮ ಬಿಲ್ಲೆ ನಾನೇ ತಗೊಂಡು ಹೋಗಿ ಆಫೀಸಿಗೆ ಕೊಡ್ಬೇಕು. ಒಂದು ಮೂಲೇಲಿ ಉಗುರಿಂದ ಸಣ್ಣ ಗೀರು ಎಳೀತೀನಿ. ನೋಡಿದೋರಿಗೆ ಕಾಗದ ಬಿಚ್ಚುವಾಗ ಆಗಿದ್ದು ಅನ್ಸುತ್ತೆ. ನಿನಗೊಬ್ಬನಿಗೆ ಗೊತ್ತಿದ್ರೆ ಸಾಕು."

ಅವನು ಅವಳ ಕೈ ನೋಡಿದ. ಇಪ್ಪತ್ತಾರು ವರ್ಷ ಚಳಿಯಲ್ಲಿದ್ದು ಬೆರಳ ಗಂಟುಗಳು ದಪ್ಪವಾಗಿದ್ದವು. ಹೂಂ ಎಂದುಬಿಡಬಹುದಿತ್ತು. ಈ ಒಂದು ಕಡೆ ಹೂಂ ಎಂದಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಒಪ್ಪಿಕೊಂಡರೆ, ಗುರುತಿಲ್ಲದೆ ಇವನಿಗೆ ಹೇಳಲಾಗುವುದಿಲ್ಲ ಎಂದು ಅತ್ತಿಗೆಗೆ ಹೊಳೆಯದೇ ಇರುತ್ತದೆಯೇ? ಇಂದಲ್ಲದಿದ್ದರೆ ನಾಳೆ, ಬಿಲ್ಲೆ ಸುತ್ತುತ್ತ ಕೂತಾಗ? ಅವನಿಗೆ ಚಾಕು ನೆನಪಾಯಿತು. ಏಳಕ್ಕೆ ಏಳು. ಗೀರಿನ ಹಂಗು ಯಾಕೆ?

"ಗುರುತು ನೋಡಿ ಹೇಳೋಕೆ ಕಣ್ಣಿದ್ರೆ ಸಾಕಲ್ಲ ಅತ್ತಿಗೆ, ನಾಲಿಗೆ ಯಾಕೆ ಬೇಕು?" ಎಂದ. ಹೇಳಿದ ಮೇಲೆ ಆ ಮಾತು ಯಾರೋ ದೊಡ್ಡ ಮನುಷ್ಯನದ್ದೆಂಬಂತೆ ಅವನ ಕಿವಿಗೇ ಕೇಳಿಸಿತು.

ಅತ್ತಿಗೆಯ ಮುಖ ಮೊದಲು ಸಣ್ಣಗಾಯಿತು, ಆಮೇಲೆ ಅರಳಿತು. "ತಪ್ಪಾಯ್ತಪ್ಪಾ. ನಿಮ್ಮಣ್ಣನ ತಮ್ಮನಲ್ವಾ ನೀನು. ನೇರ ಅಂದ್ರೆ ನೇರ. ನನ್ನ ಬುದ್ಧಿಗಿಷ್ಟು..." ಎಂದು ತನ್ನ ಕೆನ್ನೆಗೆ ತಾನೇ ಮೆಲ್ಲಗೆ ಹೊಡೆದುಕೊಂಡಳು. ಆಚೆ ಮೇಜಿನಲ್ಲಿ ಬೆಣ್ಣೆ ಕೊಯ್ಯುತ್ತಿದ್ದ ತಂತಿಯವಳು ಕೂಗಿದಳು, "ಅತ್ತಿಗೇ, ಅವರ ನಾಲಿಗೆಗೆ ಶೀತ ಆದೀತು, ಬೇಗ ಹೊರಗೆ ಬಿಡಿ!" ಎಲ್ಲರೂ ನಕ್ಕರು. ಅವನೂ ನಕ್ಕ.

ಹನ್ನೊಂದಕ್ಕೆ ರುಚಿ ನೋಡುವ ಕೋಣೆ. ಬಿಳಿ ಗೋಡೆ, ಬಿಳಿ ಮೇಜು, ಒಂದು ಗಡಿಯಾರ. ಕಂಪನಿಯ ಖರೀದಿ ಅಧಿಕಾರಿ ಮೂವತ್ತರ ಆಸುಪಾಸಿನ ಹೆಂಗಸು, ಎದ್ದು ನಿಂತು ನಮಸ್ಕಾರ ಮಾಡಿದಳು. "ನಿಮ್ಮ ಬಗ್ಗೆ ತುಂಬಾ ಕೇಳಿದೀನಿ ಸಾರ್. ಇದು ನಿಮಗೆ ಪರೀಕ್ಷೆ ಅಲ್ಲ, ನಮ್ಮ ಹೊಸ ಮಾರ್ಗರೀನಿಗೆ ಪರೀಕ್ಷೆ." ಮರ್ಯಾದೆಯ ಮಾತು. ಅದರಲ್ಲಿ ಕುಹಕವಿದ್ದಿದ್ದರೆ ಅವನಿಗೆ ಇನ್ನೂ ಸುಲಭವಾಗುತ್ತಿತ್ತು. ಮ್ಯಾನೇಜರರು ಕಿಟಕಿಯ ಪಕ್ಕ ನಿಂತಿದ್ದರು. ಅತ್ತಿಗೆ ಬಾಗಿಲ ಹತ್ತಿರ, ಟೋಪಿ ಕೈಯಲ್ಲಿ ಹಿಡಿದು.

ಆಫೀಸಿನ ಗುಮಾಸ್ತ ಎರಡು ತಟ್ಟೆ ತಂದಿಟ್ಟ. ಒಂದು, ಎರಡು ಎಂದು ಚೀಟಿ. ಯಾವುದು ಏನೆಂಬುದು ಅಂಟಿಸಿದ ಲಕೋಟೆಯಲ್ಲಿ. ಹೊಸ ಮಾರ್ಗರೀನ್ ಕಪ್ಪಿನದ್ದಲ್ಲ. ಅದೂ ಬಿಲ್ಲೆಯೇ, ಅದೇ ಅಳತೆ, ಅದೇ ಹಳದಿ. ಪಕ್ಕದಲ್ಲಿ ಬನ್ನು, ಚಾಕು, ಒಂದು ಲೋಟ ನೀರು.

ಅವನು ಮೊದಲನೆಯದಕ್ಕೆ ಚಾಕು ಇಟ್ಟ. ಚಾಕು ತಾನಾಗಿ ಇಳಿಯಿತು. ಬನ್ನಿನ ಅಂಚಿನ ತನಕ ನುಣ್ಣಗೆ ಓಡಿತು. ಎರಡನೆಯದಕ್ಕೆ ಇಟ್ಟ. ಅದು ತಡೆಯಿತು. ಒತ್ತಿದರೆ ಬಿಲ್ಲೆ ಮುರಿದು, ಬನ್ನಿನ ಮೈ ಕಿತ್ತುಕೊಂಡು ಎದ್ದಿತು. ಮನಸ್ಸಿನೊಳಗೆ ಏನೋ ತಣ್ಣಗೆ ಕೂತಿತು. ಸಿಕ್ಕಿತು. ಇನ್ನು ಬಾಯಿಗಿಡುವುದು ನೋಡುವವರಿಗಾಗಿ.

ಮೊದಲನೆಯದು ಬಾಯಲ್ಲಿ ನೀರಿನಂತೆ ಹೋಯಿತು. ಎರಡನೆಯದನ್ನು ಅಗಿದ, ನುಂಗಿದ, ಒಂದು ಗುಟುಕು ನೀರು ಕುಡಿದ. ಆಗ ಅಂಗುಳಿಗೆ ಏನೋ ಮೆತ್ತಿಕೊಂಡಿರುವುದು ಗೊತ್ತಾಯಿತು. ತೆಳ್ಳನೆಯ ಒಂದು ಪರೆ. ನಾಲಿಗೆಯಿಂದ ಸವರಿದ, ಹೋಗಲಿಲ್ಲ. ಹೊಸಬರಿಗೆ ಅವನೇ ಎಷ್ಟು ಸಲ ಹೇಳಿದ್ದ: ಬೆಣ್ಣೆ ಬಾಯಿಯ ಬಿಸಿಗೆ ಎದ್ದು ಹೋಗುತ್ತದೆ, ಸವತಿ ಕರೆಯದೆ ಬಂದ ನೆಂಟರ ಹಾಗೆ ಅಲ್ಲೇ ಕೂರುತ್ತಾಳೆ.

ಹಾಗಾದರೆ?

ಚಾಕು ಒಂದು ಹೇಳುತ್ತಿದೆ, ಅಂಗುಳು ಇನ್ನೊಂದು. ತೀರಾ ತಣ್ಣಗಿರುವುದು ಯಾವುದಾದರೂ ಹೀಗೇ ಮೆತ್ತಿಕೊಳ್ಳಬಹುದಲ್ಲವೇ? ಅಂಗುಳಿನ ಮೇಲೆ ನಂಬಿಕೆ ಇಡುವುದು ಹೇಗೆ? ಬಾಯೊಳಗಿನದೆಲ್ಲ ಐದು ತಿಂಗಳಿಂದ ಸುಳ್ಳು ಸಾಕ್ಷಿಯೇ ಹೇಳಿದೆ. ಚಾಕುವನ್ನಾದರೆ ನಿನ್ನೆ ಏಳು ಸಲ ಕೇಳಿ ನೋಡಿದ್ದಾಯಿತು. ಅವನ ಮೌನ ಉದ್ದವಾಯಿತು. ಮ್ಯಾನೇಜರರು ಅಧಿಕಾರಿಯ ಕಡೆ ನೋಡಿ, ಇರಿ, ಇವರು ಹೀಗೇ, ಎಂಬಂತೆ ತಲೆಯಾಡಿಸಿದರು. ಅತ್ತಿಗೆ ಟೋಪಿಯನ್ನು ಹಿಂಡುತ್ತಿದ್ದಳು.

"ಎರಡನೆಯದು ಬೆಣ್ಣೆ" ಎಂದ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಳಗಿನ ಅನುಮಾನವನ್ನು ಮುಚ್ಚಲು ಮಾತು ತಾನಾಗಿ ಬಂತು, ಐದು ತಿಂಗಳಿಂದ ಬಾರದಿದ್ದಷ್ಟು ಮಾತು. "ಮೊದಲು ಹಾಲಿನ ಸಿಹಿ ಬರುತ್ತೆ, ಹಿಂದಿನಿಂದ ಒಂದು ಎಳೆ ಹುಳಿ. ಕಾದು ಕೂತು ಕಡೆದ ಬೆಣ್ಣೆಗೆ ಮಾತ್ರ ಅದು ಸಾಧ್ಯ. ಮೊದಲನೆಯದರಲ್ಲಿ ಬರೀ ಎಣ್ಣೆ. ವಾಸನೇಲೇ ಗೊತ್ತಾಗುತ್ತೆ."

ಅಧಿಕಾರಿ ಲಕೋಟೆ ಒಡೆದಳು. ಓದಿದಳು. ಗೆದ್ದ ಸಂಭ್ರಮವೇನೂ ಅವಳ ಮುಖದಲ್ಲಿ ಇರಲಿಲ್ಲ. ಚೀಟಿಯನ್ನು ಮ್ಯಾನೇಜರರಿಗೆ ಕೊಟ್ಟಳು. ಅವರು ಓದಿ, ತಿರುಗಿಸಿ ಹಿಂಬದಿ ನೋಡಿ, ಮತ್ತೆ ಓದಿದರು.

"ಎರಡನೆಯದು ನಮ್ಮದು ಸಾರ್. ಮಾರ್ಗರೀನ್" ಎಂದಳು ಅಧಿಕಾರಿ ಮೆಲ್ಲಗೆ. "ನೀವೇ ಬೆಣ್ಣೆ ಅಂದ್ಮೇಲೆ ನಮ್ಮ ಪ್ರಯಾಣಿಕರು ಅಲ್ಲ ಅಂತಾರಾ?"

ಅವನು ಬಾಗಿಲ ಕಡೆ ತಿರುಗಿದ. ಅತ್ತಿಗೆ ಟೋಪಿ ಹಾಕಿಕೊಳ್ಳುತ್ತಿದ್ದಳು. ಕಿವಿಯ ಮೇಲೆ ಸರಿಯಾಗಿ ಎಳೆದುಕೊಂಡು, ಯಾರನ್ನೂ ನೋಡದೆ ಹೊರಟುಹೋದಳು.

ಮೂರು ವಾರಕ್ಕೆ ಬೆಣ್ಣೆ ಕೋಣೆಯ ತಂಪು ಮಾಡುವ ಯಂತ್ರ ನಿಲ್ಲಿಸಿದರು. ಬಾಗಿಲು ತೆರೆದೇ ಇಟ್ಟು, ಒಳಗೆ ಖಾಲಿ ಪೆಟ್ಟಿಗೆ ಪೇರಿಸಿದರು. ಐವರಲ್ಲಿ ಇಬ್ಬರನ್ನು ಮನೆಗೆ ಕಳಿಸಿದರು. ಒಬ್ಬಳನ್ನು ಬ್ರೆಡ್ಡಿನ ಕಡೆಗೆ ಹಾಕಿದರು. ಅತ್ತಿಗೆಯನ್ನೂ ತಂತಿಯವಳನ್ನೂ ತಟ್ಟೆ ತೊಳೆಯುವ ಕಡೆಗೆ. ಅಲ್ಲಿ ಹಬೆ, ಸದ್ದು, ಮೊಣಕೈ ತನಕ ಬಿಸಿನೀರು. ತಂತಿಯವಳು ನಗೆಚಾಟಿಕೆ ಬಿಟ್ಟಿದ್ದಳು. ಒಂದು ದಿನ ಟೀ ಸಾಲಿನಲ್ಲಿ ಅವನಿಗೆ ಕೇಳಿಸಲೆಂದೇ ಮುಂದಿನವಳ ಬೆನ್ನಿಗೆ ಹೇಳಿದಳು.

"ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ. ಕೆಲವರು ಸ್ವಂತ ಅತ್ತಿಗೆ ಕಣ್ಣಿಗೇ ಸುಣ್ಣ ಹಾಕಿದ್ರು ಕಣೇ. ಬೆಣ್ಣೆ ಯಾರು ತಂದು ಯಾರ ನಾಲಿಗೆಗೆ ಸವರಿದ್ರೋ!"

ಹಿಂದಿನಿಂದ ಅತ್ತಿಗೆಯ ದನಿ ಬಂತು. "ಬಾಯಿ ಮುಚ್ಚು. ಅವನು ಬೇಕಾದ್ರೆ ಮೋಸದಿಂದ ಗೆಲ್ಲಬಹುದಿತ್ತು. ನಾನೇ ಗುರುತು ಮಾಡಿಕೊಡ್ತೀನಿ ಅಂದೆ. ಬೇಡ ಅಂದ. ನಿನ್ನ ಬಾಯಿಗಿಂತ ಅವನ ನಾಲಿಗೆ ಸಾವಿರ ಪಾಲು ಶುದ್ಧ."

ತಂತಿಯವಳು ಲೋಟ ಅಲ್ಲೇ ಇಟ್ಟು ಹೋದಳು. ಆ ಮಾತು ಮಧ್ಯಾಹ್ನದೊಳಗೆ ಕಾರ್ಖಾನೆಯೆಲ್ಲ ಸುತ್ತಿತು. ಗುರುತು ಬೇಡ ಎಂದನಂತೆ! ಅಡುಗೆಯವರು ಈಗ ಅವನ ಮುಂದೆ ಚಮಚ ಹಿಡಿಯುವಾಗ ಇನ್ನೊಂದಿಷ್ಟು ಬಗ್ಗಿದರು. ಅವನು ಮನೆಯಲ್ಲಿ ಹೆಂಡತಿ ಬಡಿಸಿದ್ದನ್ನು ಹಾಗೇ ಬಿಟ್ಟೇಳುತ್ತಿದ್ದ. ಅವಳು ತಟ್ಟೆ ಎತ್ತುತ್ತಿದ್ದಳು.

ಮರುವಾರ ಪಾಳಿ ಮುಗಿದ ಮೇಲೆ, ಸಂಜೆಗಿನ್ನೂ ಬೆಳಕಿರುವಾಗ, ಅವನು ತೊಳೆಯುವ ವಿಭಾಗದ ಹಿಂಬಾಗಿಲಿಗೆ ಹೋದ. ಇವತ್ತು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡಿದ್ದ. ಅತ್ತಿಗೆ ಸಿಮೆಂಟಿನ ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಳು. ಕೈಗಳು ನೀರಿನಲ್ಲಿ ನೆನೆದು ಬಿಳುಚಿ, ಬೆರಳ ತುದಿ ಮುದುರಿದ್ದವು.

"ಬಾ ಹುಡುಗಾ, ಕೂತ್ಕೋ. ಏನು ಇಷ್ಟು ಸೊರಗಿದೀಯ? ಅವಳು ಹಾಕ್ತಿಲ್ವಾ ಊಟಕ್ಕೆ?"

"ಅತ್ತಿಗೆ, ನಿಮಗೊಂದು ವಿಷಯ..."

"ನನಗೂ ಒಂದು ಹೇಳೋದಿದೆ. ತಡಿ, ಮೊದಲು ನಾನು ಹೇಳ್ಬಿಡ್ತೀನಿ. ಒಂದು ತಿಂಗಳಿಂದ ಎದೇಲಿಟ್ಕೊಂಡು ಸಾಕಾಗಿದೆ." ಬೂಟನ್ನು ಪಕ್ಕಕ್ಕಿಟ್ಟಳು. "ಆ ಕೋಣೆ ಮುಚ್ಚಿಸಿದ್ದು ನಾನು ಕಣೋ."

ಅವನಿಗೆ ಅರ್ಥವಾಗಲಿಲ್ಲ.

"ನೀನು ಗುರುತು ಬೇಡ ಅಂದ್ಯಲ್ಲ, ಆಮೇಲೆ ನನಗನ್ನಿಸ್ತು, ಮೋಸ ಬೇಡ ಸರಿ, ನಮ್ಮ ಬೆಣ್ಣೆ ಚೆನ್ನಾಗಿ ಕಾಣೋ ಹಾಗಾದ್ರೂ ಮಾಡೋಣ. ಕಲ್ಲು ಕಲ್ಲು ಅಂತಾರಲ್ಲ ಎಲ್ಲರೂ, ಆ ಮೇಡಂ ಎದುರಿಗೂ ಕಲ್ಲಾಗೇ ಬಂದ್ರೆ? ಅದಕ್ಕೆ ಬಿಲ್ಲೆಗಳನ್ನ ಒಂದು ಗಂಟೆ ಮುಂಚೆ ಹೊರಗೆ ತೆಗೆದು, ಕಿಟಕಿ ಹತ್ತಿರ ಇಟ್ಟೆ. ಬೆಣ್ಣೆ ಅಂದ್ರೆ ಬೆಣ್ಣೆ ಹಾಗೇ ಆಯ್ತು. ಅವರು ತಂದಿದ್ದು ಐಸಿನ ಪೆಟ್ಟಿಗೇಲಿ, ಕಟಕಟ ಅಂತಿತ್ತು. ನಾನು ಒಳಗೊಳಗೇ ನಗ್ತಾ ಇದ್ದೆ, ಈಗ ನೀನೇ ಕಲ್ಲಾದೆ ನೋಡೇ ಸವತಿ ಅಂತ." ಅವಳು ನಗಲು ಹೋಗಿ ಬಿಟ್ಟಳು. "ಬಿಸಿಲಿಗಿಟ್ರೆ ಬೆಣ್ಣೆ ಕೆಡುತ್ತೆ, ಎಣ್ಣೆ ಬಿಡುತ್ತೆ ಅಂತ ಇಪ್ಪತ್ತಾರು ವರ್ಷ ಬೆಣ್ಣೆ ಮುಟ್ಟಿದೋಳಿಗೆ ಹೊಳೀಲಿಲ್ಲ. ಎಣ್ಣೆ ವಾಸನೆ ಅಂತ ನೀನಂದೆಯಲ್ಲ, ಆಗಲೇ ನನಗೆ ಗೊತ್ತಾಯ್ತು, ಇದು ನನ್ನ ಕೈಕೆಲಸ ಅಂತ. ಎಂಥಾ ನಾಲಿಗೆಯೋ ನಿಂದು, ನನ್ನ ತಪ್ಪನ್ನೂ ಹಿಡಿದುಬಿಡ್ತು."

ಅವನ ಕಣ್ಣ ಮುಂದೆ ಚಾಕು ಬಂತು. ತಾನಾಗಿ ಇಳಿದ ಚಾಕು. ಗಟ್ಟಿಯಾದದ್ದು ಬೆಣ್ಣೆ, ಮೆತ್ತಗಾದದ್ದು ಸವತಿ. ಒಂದು ಗಂಟೆಯ ಬಿಸಿಲಿಗೆ ಬೆಣ್ಣೆ ಕೆಡುವುದಿಲ್ಲ, ಅತ್ತಿಗೆ. ಅವತ್ತು ಮೊದಲನೆಯ ತಟ್ಟೆಯಲ್ಲಿದ್ದುದು ಒಳ್ಳೆಯ ಬೆಣ್ಣೆಯೇ ಇದ್ದೀತು. ಎಣ್ಣೆ ವಾಸನೆ ಬಂದದ್ದು ಬೆಣ್ಣೆಯಿಂದಲ್ಲ, ನನ್ನ ಸುಳ್ಳಿನಿಂದ. ವಾಕ್ಯಗಳೆಲ್ಲ ಬಾಯಿಯ ತನಕ ಬಂದು ಸಾಲಾಗಿ ನಿಂತವು.

"ಇಬ್ಬರ ಅನ್ನ ಕಿತ್ಕೊಂಡೆ" ಎಂದಳು ಅತ್ತಿಗೆ. "ತಂತಿಯವಳಿಗೆ ಹೇಳೋಕೆ ಹೋಗಿ, ಬೇರೇನೋ ಮಾತಾಡಿ ಬಂದ್ಬಿಡ್ತೀನಿ. ಪಾಪ, ನಿನ್ನ ಮೇಲೆ ಗೂಬೆ ಕೂರಿಸ್ತಾ ಇದಾಳೆ. ನಾಳೆ ಹೇಳ್ಬಿಡ್ತೀನಿ ಅವಳಿಗೆ, ನನ್ನಿಂದಾಗಿದ್ದು ಅಂತ." ಬೂಟಿನೊಳಗಿನ ನೀರು ಚೆಲ್ಲಿ, ಅದನ್ನು ಕಟ್ಟೆಗೆ ಒರಗಿಸಿದಳು. "ನೀನೇನೋ ಹೇಳೋಕೆ ಬಂದಿದ್ದೆ?"

ಒಳಗೆ ಯಂತ್ರದಿಂದ ತಟ್ಟೆಗಳು ಒಂದರ ಮೇಲೊಂದು ಬೀಳುವ ಸದ್ದು ಬರುತ್ತಿತ್ತು. ಅವನು ಅವಳ ಪಕ್ಕದಲ್ಲಿ ಕೂತಿದ್ದ. ಅವಳು ಕಾಯುತ್ತಿದ್ದಳು.

"ಏನಿಲ್ಲ ಅತ್ತಿಗೆ" ಎಂದ. "ಸುಮ್ಮನೆ ನೋಡಿಕೊಂಡು ಹೋಗೋಣ ಅಂತ ಬಂದೆ."

ಅತ್ತಿಗೆ ಮಾರನೆಯ ದಿನ ತಂತಿಯವಳಿಗೆ ಹೇಳಿದಳು. ತಂತಿಯವಳು ಅವಳ ಪಕ್ಕದಲ್ಲಿ ನಿಂತು ತಟ್ಟೆ ತೊಳೆಯುವುದನ್ನು ಬಿಟ್ಟು ಆಚೆ ಸಾಲಿಗೆ ಹೋದಳು, ಅವನನ್ನು ಕಂಡಾಗ ಮಾತ್ರ ತಲೆ ತಗ್ಗಿಸಿ ನಮಸ್ಕರಿಸತೊಡಗಿದಳು. ಅತ್ತಿಗೆ ಇನ್ನೂ ಎರಡು ವರ್ಷ ಅಲ್ಲೇ ಇದ್ದು ನಿವೃತ್ತಳಾದಳು. ಬೆಣ್ಣೆ ಯಾವುದೆಂದು ತನಗೆ ಅವತ್ತು ಗೊತ್ತೇ ಆಗಲಿಲ್ಲ, ಬಾಯಲ್ಲಿ ರುಚಿಯೇ ಇರಲಿಲ್ಲ, ತಾನು ಚಾಕುವನ್ನು ನಂಬಿ ಹೇಳಿದ್ದು ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.